ಮೂಷಕೋದರ ಮೀಮಾಂಸೆ

ಮಂಗಳಾಚರಣೆ: ಯಾವ ಶಾಸ್ತ್ರಕ್ಕಾದರೂ ಮೊದಲು ಗಣಪತಿಯ ಸ್ತುತಿ ವಿಹಿತ. ಹಸಿವಿನ ಶಾಸ್ತ್ರದಲ್ಲಿ ಮಾತ್ರ ಡೊಳ್ಳುಹೊಟ್ಟೆಯ ಸ್ವಾಮಿಗಿಂತ ಮುಂಚೆ ಅವನ ವಾಹನಕ್ಕೆ ವಂದನೆ ಸಲ್ಲತಕ್ಕದ್ದು. ಮೋದಕ ಮೆದ್ದವರು ಯಾರೋ, ಪ್ರಯೋಗಕ್ಕೆ ಸಿಕ್ಕಿಬಿದ್ದವರು ಯಾರೋ!

ಪೂರ್ವಪಕ್ಷ: ದಪ್ಪಗಿರುವವನು ತಿಂಡಿಪೋತ, ತಿಂಡಿಪೋತನಿಗೆ ಮನೋನಿಗ್ರಹವಿಲ್ಲ, ಆದ್ದರಿಂದ ದಪ್ಪಗಿರುವವನಿಗೆ ಮನೋನಿಗ್ರಹವಿಲ್ಲ. ಮದುವೆಯೂಟದಲ್ಲಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಪಕ್ಕದ ಎಲೆಯವರ ಹೊಟ್ಟೆಯನ್ನು ಓರೆಗಣ್ಣಿನಲ್ಲಿ ಅಳೆಯುತ್ತ ಈ ವಾದವನ್ನು ಮಂಡಿಸುವುದು ಸಂಪ್ರದಾಯ.

ಖಂಡನೆ: 1949ರಲ್ಲಿ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಒಂದು ಇಲಿ ಊದುತ್ತ ಹೋಯಿತು. ಇಂಥ ಇಲಿಗಳು ಸಾಮಾನ್ಯ ಇಲಿಯ ಮೂರು ಪಟ್ಟು ತೂಗಬಲ್ಲವು. ಅದರ ಬೋನಿನ ಪಕ್ಕ ಬೇಕರಿಯಿರಲಿಲ್ಲ, ದರ್ಶಿನಿಯಿರಲಿಲ್ಲ, ಮುದ್ದು ಮಾಡಿ ಕೆಡಿಸಲು ಅಜ್ಜಿಯೂ ಇರಲಿಲ್ಲ. ಕೆಟ್ಟಿದ್ದು ಒಂದೇ ಒಂದು ಜೀನ್. ಮುಂದೆ ಅದೇ ಪ್ರಯೋಗಾಲಯದಲ್ಲಿ ಇನ್ನೊಂದು ಬಗೆಯ ಡುಮ್ಮ ಇಲಿ ಸಿಕ್ಕಿತು. ಅದಕ್ಕೆ ಸಕ್ಕರೆ ಕಾಯಿಲೆಯೂ ಇತ್ತು.

ಪ್ರತ್ಯಕ್ಷ ಪ್ರಮಾಣ: ಅಲ್ಲಿನ ಡಗ್ಲಾಸ್ ಕೋಲ್ಮನ್ ಇಲಿಗಳಿಗೆ ಉಪದೇಶ ಮಾಡಲು ಹೋಗಲಿಲ್ಲ. ಎರಡೆರಡನ್ನು ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿದರು. ಒಂದರ ರಕ್ತ ಇನ್ನೊಂದಕ್ಕೆ ಹರಿಯತೊಡಗಿತು. ಸಕ್ಕರೆ ಕಾಯಿಲೆಯ ಇಲಿಗೆ ಸಾಮಾನ್ಯ ಇಲಿಯನ್ನು ಜೋಡಿಸಿದಾಗ ಡುಮ್ಮ ಮೇಯುತ್ತಲೇ ಇದ್ದ. ಜೊತೆಗಾರ ಆಹಾರ ಮುಟ್ಟದೆ ಸತ್ತ. ಎರಡೂ ಬಗೆಯ ಡುಮ್ಮರನ್ನು ಜೋಡಿಸಿದಾಗ 1949ರ ವಂಶದ್ದು ಉಪವಾಸಬಿದ್ದು ಸತ್ತಿತು. ಫಲಿತಾರ್ಥ: ರಕ್ತದಲ್ಲಿ ‘ಸಾಕು’ ಎನ್ನುವ ಪದಾರ್ಥವೊಂದಿದೆ. 1949ರ ಇಲಿಯಲ್ಲಿ ಅದು ಹುಟ್ಟುವುದಿಲ್ಲ. ಇನ್ನೊಂದರಲ್ಲಿ ಹುಟ್ಟಿದರೂ ಮೆದುಳಿಗೆ ಕೇಳಿಸುವುದಿಲ್ಲ. (‘ಸಾಕು’ ಕೇಳಿಸದಿರುವ ಈ ಎರಡನೆಯ ದೋಷ ಮನುಷ್ಯರಲ್ಲಿ, ವಿಶೇಷವಾಗಿ ಅಳಿಯನಿಗೆ ಬಡಿಸುವ ಅತ್ತೆಯಂದಿರಲ್ಲಿ ಕಂಡುಬರುತ್ತದೆಂದು ವ್ಯಾಖ್ಯಾನಕಾರರು.)

1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1949ರ ಇಲಿಯ ಆ ಕೆಟ್ಟ ಜೀನನ್ನು ಹಿಡಿದರು. ಅದು ಕೆಡದಿದ್ದಾಗ ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ನಾಮಕರಣವಾಯಿತು. ಅದರ ಉತ್ಪತ್ತಿಸ್ಥಾನವೋ, ಸಾಕ್ಷಾತ್ ಕೊಬ್ಬು! ನಾವು ಯಾರನ್ನು ಆರೋಪಿಯೆಂದು ನಿಲ್ಲಿಸಿದ್ದೆವೋ ಅವನೇ ಮಿತಾಹಾರದ ಪ್ರವಚನಕಾರ.

ಕ್ಷೇತ್ರಮಹಿಮೆ: ಪ್ರವಚನ ನಡೆಯುವ ಕ್ಷೇತ್ರ ಮೆದುಳಿನ ತಳದ ಹೈಪೋಥಲಾಮಸ್. ಅಲ್ಲಿ ನರಕೋಶಗಳ ಎರಡು ಪಕ್ಷಗಳಿವೆ. ಎನ್‌ಪಿವೈ, ಎಜಿಆರ್‌ಪಿ ಎಂಬ ರಾಸಾಯನಿಕಗಳನ್ನು ಸ್ರವಿಸುವ ಪಕ್ಷ ‘ತಿನ್ನು’ ಎನ್ನುತ್ತದೆ. ಪಿಒಎಂಸಿ ಪಕ್ಷ ‘ಏಳು, ಕೈತೊಳೆ’ ಎನ್ನುತ್ತದೆ. ಲೆಪ್ಟಿನ್ ಮೊದಲನೆಯದರ ಬಾಯಿ ಮುಚ್ಚಿಸಿ ಎರಡನೆಯದನ್ನು ಎಬ್ಬಿಸುತ್ತದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಇಲಿಯ ಹೊಟ್ಟೆಯಲ್ಲಿ ಕಂಡುಹಿಡಿದ ಗ್ರೆಲಿನ್ ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ ಮೊದಲ ಪಕ್ಷಕ್ಕೆ ಕುಮ್ಮಕ್ಕು ಕೊಡುತ್ತದೆ.

ಆಕ್ಷೇಪ: ಹಾಗಾದರೆ ಲೆಪ್ಟಿನ್ ಚುಚ್ಚಿಸಿಕೊಂಡರೆ ಮುಗಿಯಿತಲ್ಲ?

ಸಮಾಧಾನ: ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮಕ್ಕಳಲ್ಲಿ ಅದು ಫಲಿಸಿದೆ. ಉಳಿದ ಸ್ಥೂಲಕಾಯರ ರಕ್ತದಲ್ಲಿ ಸಾಮಾನ್ಯವಾಗಿ ಲೆಪ್ಟಿನ್ ಹೆಚ್ಚೇ ಇರುತ್ತದೆ, ಮೆದುಳು ಓಗೊಡುವುದಿಲ್ಲ. ಉಪವಾಸ ಮಾಡೋಣವೆಂದರೆ ಲೆಪ್ಟಿನ್ ಕುಸಿಯುತ್ತದೆ, ಹಸಿವು ಕೆರಳುತ್ತದೆ. ದ್ವಾದಶಿಯ ಪಾರಣೆಗೆ ಬೆಳಕು ಹರಿಯುವ ಮುಂಚೆಯೇ ಒಲೆ ಹೊತ್ತಿಸುವವರು ಈ ತತ್ತ್ವವನ್ನು ಪ್ರಯೋಗಾಲಯದ ಹಂಗಿಲ್ಲದೆ ಬಲ್ಲರು.

ಶ್ವಾನ ಪ್ರಕರಣ: ಪೂರ್ವಪಕ್ಷಿ ಇಷ್ಟಕ್ಕೂ ಒಪ್ಪದಿದ್ದರೆ ಲ್ಯಾಬ್ರಡಾರ್ ನಾಯಿಯನ್ನು ನೋಡಲಿ. ಬಟ್ಟಲು ನೆಕ್ಕಿ ಫಳಫಳ ಮಾಡಿದ ಮೇಲೂ ಅದು ಯಜಮಾನನ ತೊಡೆಯ ಮೇಲೆ ಗದ್ದವಿಟ್ಟು, ಅವನ ಕೈಯ ಬಿಸ್ಕತ್ತು ಬಾಯಿಗೆ ಹೋಗುವ ದಾರಿಯನ್ನೇ ಕಣ್ಣಲ್ಲಿ ಹಿಂಬಾಲಿಸುತ್ತದೆ. ಈ ತಳಿಯ ಸುಮಾರು ಕಾಲುಭಾಗ ನಾಯಿಗಳಲ್ಲಿ, ‘ಕೈತೊಳೆ’ ಪಕ್ಷದ ಆ ಪಿಒಎಂಸಿಯ ಜೀನಿನ ಒಂದು ತುಣುಕೇ ಇಲ್ಲವೆಂದು 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ತೋರಿಸಿದರು. ಅಂಥವು ಹೆಚ್ಚು ತೂಗುತ್ತವೆ, ತಿಂಡಿಗೆ ಹೆಚ್ಚು ಹಾತೊರೆಯುತ್ತವೆ. ನಾಯಿಗೆ ಮನೋನಿಗ್ರಹದ ತರಗತಿ ನಡೆಸಬೇಕೆಂದು ಯಾವ ಪಂಡಿತರೂ ಈವರೆಗೆ ಹೇಳಿಲ್ಲ.

ನಿರ್ಣಯ: ಹಸಿವು ಶೀಲದ ಪರೀಕ್ಷೆಯಲ್ಲ, ರಕ್ತಕ್ಕೂ ಮೆದುಳಿಗೂ ನಡೆಯುವ ವ್ಯವಹಾರ. ಆದ್ದರಿಂದ ಯಾರಿಗಾದರೂ ‘ಸ್ವಲ್ಪ ಬಾಯಿ ಕಟ್ಟಿ’ ಎಂದು ಬುದ್ಧಿ ಹೇಳಬಯಸುವವರು ಆ ಮಾತನ್ನು ಮೊದಲು ತಮ್ಮ ಹೈಪೋಥಲಾಮಸ್ಸಿಗೇ ಹೇಳಿ ನೋಡತಕ್ಕದ್ದು. ಅದು ಕೇಳಿದರೆ ತಿಳಿಸಿ. ಅಲ್ಲಿಯವರೆಗೆ ಪೂರ್ವಪಕ್ಷ ವಜಾ.