ಎಪ್ಸಿಲಾನ್ ಕಾಟ

ಮೈಕೆಲ್ ಸ್ಪಿವಾಕ್ ಮಹಾಶಯರ ‘ಕ್ಯಾಲ್ಕುಲಸ್’ (1967) ಪುಸ್ತಕವನ್ನು ಮೇಷ್ಟ್ರಿಲ್ಲದೆ ಓದಲು ಕೂತರೆ ಮೊದಲ ಅಧ್ಯಾಯದಲ್ಲೇ ಗ್ರಹಚಾರ ಬಿಡುತ್ತದೆ. ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಚಡ್ಡಿ ಹಾಕುವ ಕಾಲದಿಂದ ನಂಬಿಕೊಂಡು ಬಂದಿದ್ದೇವಲ್ಲ, ಅದನ್ನು ಸಾಧಿಸಿ ತೋರಿಸಬೇಕಂತೆ! ಲಿಮಿಟ್ ಬರುವುದೇ 5ನೇ ಅಧ್ಯಾಯಕ್ಕೆ, ಡೆರಿವೇಟಿವ್ 9ಕ್ಕೆ. ಲಿಮಿಟ್ ಸಾಧಿಸಲು ಎಪ್ಸಿಲಾನ್ ಎಂಬ ಪುಟ್ಟ ಸಂಖ್ಯೆ ಕೊಟ್ಟರೆ ಅದಕ್ಕೊಪ್ಪುವ ಡೆಲ್ಟಾ ಹುಡುಕಬೇಕು. ಇನ್ನೂ ಚಿಕ್ಕದು ಕೊಟ್ಟರೆ ಮತ್ತೆ ಹುಡುಕಬೇಕು. ಥೇಟ್ ಚೌಕಾಸಿ ಬಿಡದ ಗಿರಾಕಿ. ಪಾಠವನ್ನಾದರೂ ಹೇಗೋ ದಾಟಬಹುದು, ನಕ್ಷತ್ರ ಗುರುತಿನ ಲೆಕ್ಕಗಳು ಮಾತ್ರ ನಿದ್ದೆಗೆಡಿಸುತ್ತವೆ.

“ಇನ್ನೂ ಅದೇ ಪುಟಾನಾ?” ಎಂದಳು ಹೆಂಡತಿ.

“ಪುಟ ಅದೇ ಕಣೇ, ಗೊಂದಲ ಹೊಸದು.”

ಪುಣ್ಯಾತ್ಮ ಸ್ಪಿವಾಕ್ ಮಹಾ ತಮಾಷೆಗಾರ. ತಮ್ಮ ಪ್ರೀತಿಯ ಹಳದಿ ಹಂದಿಯನ್ನು ಪುಸ್ತಕದೊಳಗೇ ಅಡಗಿಸಿಟ್ಟಿದ್ದಾರೆ. ಲೆಕ್ಕ ಬಗೆಹರಿಯದ ರಾತ್ರಿ ನಾನು ಹಂದಿ ಹುಡುಕುತ್ತೇನೆ.