ಪ್ರೊಸೆಸರ್ ಮೀಮಾಂಸೆ

ನಡೆಯುತ್ತಿರುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ಕಿತ್ತು ಹೊಸ ಪೀಳಿಗೆಯದನ್ನು ಕೂರಿಸಬೇಕೇ, ಅಥವಾ ಇದ್ದುದರಲ್ಲೇ ಕಾಲ ಹಾಕಬೇಕೇ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತದೇ ಹೋದದ್ದಕ್ಕೆ, ಅವರ ಕಾಲದಲ್ಲಿ ಪ್ರೊಸೆಸರ್ ಇರಲಿಲ್ಲವೆಂಬುದನ್ನು ಬಿಟ್ಟರೆ, ಬೇರೆ ಕಾರಣ ಕಾಣುವುದಿಲ್ಲ. ಏಕೆಂದರೆ ನ್ಯಾಯಶಾಸ್ತ್ರವು ಹೆಸರಿಸುವ ಸಂಶಯ, ಪ್ರಯೋಜನ, ವಾದ, ಜಲ್ಪ, ವಿತಂಡಗಳೆಲ್ಲವೂ ಈ ಒಂದೇ ಪ್ರಶ್ನೆಯಲ್ಲಿ ಸಮೃದ್ಧವಾಗಿ ದೊರೆಯುತ್ತವೆ, ಪ್ರಯೋಜನವೊಂದು ಮಾತ್ರ ಕೆಲವೊಮ್ಮೆ ಕೈಕೊಡುತ್ತದೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮತ್ತು ಉಳಿದ ಭಾಗಗಳಿಗೆ ಅಪ್ಪಣೆ ಕೊಡುವ ಸಿಲಿಕಾನ್ ಚಿಪ್. ಅದನ್ನು ಬದಲಾಯಿಸುವುದೆಂದು ಮನಸ್ಸಿನಲ್ಲಿ ಆಗಲೇ ನಿಶ್ಚಯಿಸಿಕೊಂಡು, ಮನೆಯವರಿಗೆ ಹೇಳಲು ಕಾರಣವನ್ನಷ್ಟೇ ಹುಡುಕುತ್ತಿರುವವನನ್ನು ಈ ಪ್ರಬಂಧದಲ್ಲಿ ಮುಮುಕ್ಷು, ಅಂದರೆ ಬಿಡುಗಡೆ ಬಯಸುವವನು, ಎಂದು ಕರೆಯಲಾಗಿದೆ.

ವಿಚಾರಕ್ಕೆ ಒಂದು ದೃಷ್ಟಾಂತ ಬೇಕಾದ್ದರಿಂದ ಇಂಟೆಲ್ ಕಂಪನಿಯು 2017ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕೋರ್ ಐ7-7700ಕೆ ಎಂಬುದನ್ನು ತೆಗೆದುಕೊಳ್ಳಬಹುದು. ಅದರಲ್ಲಿದ್ದುದು ನಾಲ್ಕು ಕೋರ್, ಅಂದರೆ ಸ್ವತಂತ್ರವಾಗಿ ಲೆಕ್ಕ ಹಾಕಬಲ್ಲ ನಾಲ್ಕು ಘಟಕಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಆರು ಕೋರ್‌ಗಳ 8700ಕೆ ಬಂದಿತು. ಎರಡೂ ಕೂರುವ ಸಾಕೆಟ್ಟಿನಲ್ಲಿ, ಅಂದರೆ ಮದರ್‌ಬೋರ್ಡಿನ ಮೇಲೆ ಪ್ರೊಸೆಸರಿಗಾಗಿ ಮಾಡಿಟ್ಟ ಚೌಕದಲ್ಲಿ, ಪಿನ್ನುಗಳ ಸಂಖ್ಯೆ 1151ಕ್ಕೆ 1151 ಸರಿಹೊಂದಿದರೂ ಹಳೆಯ ಬೋರ್ಡಿನಲ್ಲಿ ಹೊಸದು ನಡೆಯುವುದಿಲ್ಲವೆಂದು ಕಂಪನಿ ಸಾರಿತು. ಕೋರ್ ಹೆಚ್ಚಿದ್ದರಿಂದ ವಿದ್ಯುತ್ತು ಹೆಚ್ಚು ಬೇಕು, ಅದಕ್ಕಾಗಿ ಪಿನ್ನುಗಳ ಕೆಲಸವನ್ನು ಬೇರೆ ರೀತಿ ಹಂಚಲಾಗಿದೆ ಎಂಬುದು ಸಮಾಧಾನ. ಕೆಲವು ಹವ್ಯಾಸಿಗಳು ಬಯೋಸನ್ನು, ಅಂದರೆ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶವನ್ನು, ತಿದ್ದಿ ಹೊಸ ಪ್ರೊಸೆಸರನ್ನು ಹಳೆಯ ಬೋರ್ಡಿನಲ್ಲೇ ನಡೆಸಿ ತೋರಿಸಿದ್ದು ಆಕ್ಷೇಪ. ಜಾತಕದಲ್ಲಿ ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿಬಂದ ಮೇಲೂ ಸಂಬಂಧ ಮುರಿದುಬಿದ್ದ ಈ ಪ್ರಕರಣದಲ್ಲಿ ಯಾವ ಪಕ್ಷ ಗೆದ್ದಿತೆಂದು ಹೇಳುವುದು ಕಷ್ಟವಾದರೂ, ಹೊಸ ಬೋರ್ಡುಗಳು ಮಾರಾಟವಾದವೆಂಬುದು ನಿರ್ವಿವಾದ. ಎದುರು ಸಂಪ್ರದಾಯವಾದ ಎಎಂಡಿಯು ಎಎಂ4 ಎಂಬ ಒಂದೇ ಸಾಕೆಟ್ಟಿನಲ್ಲಿ 2017ರ ಮೊದಲ ರೈಜೆನ್‌ನಿಂದ 2022ರ 5800ಎಕ್ಸ್3ಡಿವರೆಗೆ ಹಲವು ಪೀಳಿಗೆಗಳನ್ನು ಕೂರಿಸಿತು. ಬೋರ್ಡು ಬದಲಿಸಲು ಕಾರಣವೇ ಸಿಗದಂತಾದ ಎಷ್ಟೋ ಮುಮುಕ್ಷುಗಳ ಸಂಕಟ ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಸಾಕೆಟ್ಟು ಬದಲಾದೊಡನೆ ಆರಂಭವಾಗುವುದನ್ನು ಶಾಸ್ತ್ರೀಯವಾಗಿ ಅನುಬಂಧ ದೋಷವೆನ್ನಬಹುದು. ಎಎಂ4ರ ನಂತರ ಬಂದ ಎಎಂ5 ಸಾಕೆಟ್ಟಿನ ಬೋರ್ಡು ಡಿಡಿಆರ್5 ಮೆಮೊರಿಯನ್ನಲ್ಲದೆ ಬೇರೆಯದನ್ನು ಒಪ್ಪುವುದಿಲ್ಲ. ಡಿಡಿಆರ್4 ಪಟ್ಟಿಯ ಅಂಚಿನಲ್ಲಿರುವ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದನ್ನು ಬಲವಂತವಾಗಿ ತುರುಕಲೂ ಬರುವುದಿಲ್ಲ. ಇಂಟೆಲ್ ಪಕ್ಷಕ್ಕೆ ಹೋದರೆ ಹಳೆಯ ಕೂಲರಿನ ತಿರುಪುಗಳಿಗೂ ಹೊಸ ಬೋರ್ಡಿನ ತೂತುಗಳಿಗೂ ಹೊಂದಿಕೆಯಾಗದಿರಬಹುದು, ಕಂಪ್ಯೂಟರಿನೊಂದಿಗೆ ಬಂದ ವಿಂಡೋಸ್ ಪರವಾನಗಿಯು ಹಳೆಯ ಬೋರ್ಡಿಗೇ ಅಂಟಿಕೊಂಡಿರುತ್ತದೆ, ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಕೂಡ ಹಳತಾಯಿತಲ್ಲವೇ ಎಂಬ ಸಂಶಯವೂ ಈ ಹೊತ್ತಿಗೆ ಸರಿಯಾಗಿ ಹುಟ್ಟುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ "ಬರೀ ಪ್ರೊಸೆಸರ್ ಸಾಕು" ಎಂದು ಹೊಕ್ಕ ಮುಮುಕ್ಷುವಿಗೆ "ಬೋರ್ಡ್ ಯಾವ್ದು ಸರ್?" ಎಂಬ ಒಂದೇ ಪ್ರಶ್ನೆ ಎದುರಾಗಿ, ಬಿಲ್ಲು ಬರೆಯುವಾಗ ಬಾಬ್ತುಗಳು ಐದಾರಾಗಿ, ಅವುಗಳ ಮೇಲೆ ಶೇ. 18ರ ಜಿಎಸ್‌ಟಿ ಕೂರುವುದು ಈ ದೋಷದ ಲೌಕಿಕ ಉದಾಹರಣೆ.

ಪ್ರಯೋಗಖಂಡದಲ್ಲಿ ಹೇಳಬೇಕಾದ್ದು ಒಂದೇ. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಬೂದುಬಣ್ಣದ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗಿ ಗಟ್ಟಿಯಾಗುವುದರಿಂದ, ಪಿನ್ನುಗಳು ಚಿಪ್ಪಿನ ಅಡಿಯಲ್ಲೇ ಇರುವ ಎಎಂ4ರಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಸನ್ನೆ ಹಾಕಿದ್ದಾಗಲೂ, ಪ್ರೊಸೆಸರು ಅದಕ್ಕೆ ಅಂಟಿಕೊಂಡೇ ಎದ್ದು ಬರುವುದುಂಟು. ಅನಂತರ ಬಾಗಿದ ಪಿನ್ನುಗಳ ಸಾಲಿನಲ್ಲಿ ಎಟಿಎಂ ಕಾರ್ಡಿನ ಅಂಚನ್ನು ಹಾಯಿಸಿ ಒಂದೊಂದನ್ನೇ ನೆಟ್ಟಗೆ ಮಾಡುವ ತಪಸ್ಸು ಬೇಡವೆಂದರೆ, ಕಂಪ್ಯೂಟರನ್ನು ಸ್ವಲ್ಪ ಹೊತ್ತು ದುಡಿಸಿ ಪೇಸ್ಟನ್ನು ಬೆಚ್ಚಗಾಗಿಸಿ, ಆರಿಸಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಬೇಕು. ಈ ಪ್ರಬಂಧದಲ್ಲಿ ಉಪಯೋಗಕ್ಕೆ ಬರುವ ಭಾಗಗಳಲ್ಲಿ ಇದೊಂದು.

ಇನ್ನು ಪ್ರಮಾಣ ವಿಚಾರ. ಹೊಸ ಪ್ರೊಸೆಸರಿನ ವಿಮರ್ಶೆಗಳನ್ನು ಓದುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಸಾಲದೆಂದು ದೂರಲಾಗುತ್ತಿರುವ ಹಳೆಯ ಪ್ರೊಸೆಸರಿನ ಬಳಕೆ ಎರಡಂಕಿ ಮುಟ್ಟುವುದೇ ಅಪರೂಪ. ಪ್ರತ್ಯಕ್ಷ ಪ್ರಮಾಣವು ಹೀಗೆ ಪ್ರತಿಕೂಲವಾಗಿರುವುದರಿಂದ ಮುಮುಕ್ಷುಗಳು ಅದನ್ನು ಪ್ರಮಾಣವೆಂದೇ ಒಪ್ಪುವುದಿಲ್ಲ. ಅವರಿಗೆ ವೇಗ ಅಳೆಯುವ ಬೆಂಚ್‌ಮಾರ್ಕೇ ಆಪ್ತವಾಕ್ಯ. ಸಿನೆಬೆಂಚ್ ಎಂಬ ತಂತ್ರಾಂಶವು ಯಾರೂ ಕೇಳದ ಚಿತ್ರವೊಂದನ್ನು ಎಲ್ಲ ಕೋರ್‌ಗಳನ್ನೂ ಬೆವರಿಳಿಸಿ ಬಿಡಿಸಿ, ಚಿತ್ರವನ್ನು ಎಸೆದು, ಅಂಕವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಪೀಳಿಗೆ ಹೊಸದಾದರೆ ವೇಗ ಹೆಚ್ಚಲೇಬೇಕೆಂಬ ಅನುಮಾನ ಪ್ರಮಾಣಕ್ಕೂ, 2024ರ ಅಕ್ಟೋಬರಿನಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ಎಸ್ ಸರಣಿಯು ಹಲವು ಆಟಗಳಲ್ಲಿ ಹಿಂದಿನ ಪೀಳಿಗೆಗಿಂತ ಹಿಂದೆ ಬಿದ್ದದ್ದರಿಂದ, ವ್ಯಭಿಚಾರ ದೋಷ ತಟ್ಟಿದೆ; ವ್ಯಭಿಚಾರವೆಂದರೆ ಇಲ್ಲಿ ಹೇತುವಿದ್ದೂ ಸಾಧ್ಯ, ಅಂದರೆ ಸಾಧಿಸಬೇಕಾದದ್ದು, ಇಲ್ಲದಿರುವುದು, ಬೇರೆ ಅರ್ಥ ಕಲ್ಪಿಸಬಾರದು.

ಮುಮುಕ್ಷುಗಳು ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದ ಆಚಾರ್ಯನೆಂದರೆ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್. ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಉಳಿದ ಭಾಗವೇ ಒಟ್ಟು ಲಾಭಕ್ಕೆ ಎಲ್ಲೆ ಹಾಕುತ್ತದೆಂದು ಆತ 1967ರಲ್ಲಿ ಮುಂದಿಟ್ಟ ವಾದವನ್ನು ಗೃಹಕೃತ್ಯಕ್ಕೆ ಅನ್ವಯಿಸಿದರೆ ಫಲ ಭಯಂಕರವಾಗಿದೆ: ನುಡಿ ತಂತ್ರಾಂಶದಲ್ಲಿ ವರದಿಯೊಂದನ್ನು ಬೆರಳಚ್ಚಿಸಲು ಅರವತ್ತು ನಿಮಿಷ ಹಿಡಿದು, ಅದರಲ್ಲಿ ಪ್ರೊಸೆಸರಿನ ಪಾಲು ಒಂದು ನಿಮಿಷವೆಂದಿಟ್ಟುಕೊಂಡರೆ, ಅನಂತ ವೇಗದ ಪ್ರೊಸೆಸರು ತಂದರೂ ವರದಿಗೆ ಐವತ್ತೊಂಬತ್ತು ನಿಮಿಷ ಬೇಕು. ಉಳಿದ ಭಾಗವು ಕುರ್ಚಿಯ ಮೇಲೆ ಕುಳಿತಿದೆ, ಅದರ ಹೊಸ ಪೀಳಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುವುದಿಲ್ಲ.

ಮುಂದಿನ ಪೀಳಿಗೆ ಬರಲಿ, ಆಗ ಇದರ ಬೆಲೆ ಇಳಿದೀತು ಎನ್ನುವ ನಿರೀಕ್ಷಾವಾದಿಗಳ ಪಂಥವೂ ಒಂದುಂಟು. ಅವರ ಮತದಲ್ಲಿ ಕೊಳ್ಳಲು ಸರಿಯಾದ ಕಾಲ ಎಂದಿದ್ದರೂ ಬರುವ ಕಾಲವೇ. ಡಿಡಿಆರ್5 ಅಗ್ಗವಾಗಲೆಂದು ಕಾದವರು 2025ರ ಕೊನೆಯಲ್ಲಿ, ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಏರಿದಾಗ, ಮೌನವ್ರತ ಹಿಡಿದದ್ದರಿಂದ ಈ ಪಂಥದ ಖಂಡನೆಯನ್ನು ಬೆಳೆಸುವ ಅಗತ್ಯವಿಲ್ಲ.

ಮುಮುಕ್ಷುವಿಗೆ ನಿಜವಾದ ಕಾರಣವೊಂದು ದೊರೆತದ್ದು ಪ್ರೊಸೆಸರಿನಿಂದಲ್ಲ, ವಿಂಡೋಸಿನಿಂದ. ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನವನ್ನು ಮಾತ್ರ ಅಧಿಕೃತವಾಗಿ ಒಪ್ಪುವುದರಿಂದ ದೃಷ್ಟಾಂತದ 7700ಕೆ ಪಂಕ್ತಿಯಿಂದ ಹೊರಗುಳಿಯಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿತು. ಅದೇ ಯಂತ್ರದಲ್ಲಿ ಲಿನಕ್ಸ್ ಸುಖವಾಗಿ ನಡೆಯುತ್ತದೆಂಬ ಸಂಗತಿಯನ್ನು ಮುಮುಕ್ಷುವಿನ ಎದುರು ಹೇಳುವುದು ಸೌಜನ್ಯವಲ್ಲ.

ಆದ್ದರಿಂದ ಸಿದ್ಧಾಂತವಿದು: ದಿನವೂ ವಿಡಿಯೊ ಎಡಿಟ್ ಮಾಡುವವರು, ದೊಡ್ಡ ತಂತ್ರಾಂಶಗಳನ್ನು ಕಂಪೈಲ್ ಮಾಡುವವರು ಕೊಳ್ಳಬಹುದು, ಇನ್ನೂ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ನಡೆಸುತ್ತಿರುವವರು ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿ ನೋಡಬೇಕು, ಎಂಟನೆಯ ಪೀಳಿಗೆ ಅಥವಾ ಅದರಿಂದೀಚಿನದನ್ನು ಇಟ್ಟುಕೊಂಡು ಪತ್ರ, ಲೆಕ್ಕ, ಸಿನಿಮಾಗಳಲ್ಲಿ ತೃಪ್ತರಾದವರಿಗೆ ಅಧಿಕಾರವಿಲ್ಲ. ಅಧಿಕಾರವಿಲ್ಲದೆಯೂ ಕೊಳ್ಳುವವರು ಡಬ್ಬಿಯನ್ನೂ ಬಿಲ್ಲನ್ನೂ ಎಸೆಯಬಾರದು. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ. ವೋಲ್ಟೇಜಿನ ದೋಷದಿಂದ ಕೆಟ್ಟ 13 ಮತ್ತು 14ನೆಯ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಇಂಟೆಲ್ 2024ರಲ್ಲಿ ಅದನ್ನು ಇನ್ನೆರಡು ವರ್ಷ ವಿಸ್ತರಿಸಬೇಕಾಗಿ ಬಂತು.