ಅಸಲಿ ಜೇನಿನ ರಾಯರು

ಪ್ರತಿ ಬಡಾವಣೆಯಲ್ಲೂ ಅಸಲಿ ಜೇನಿನ ರಾಯರು ಒಬ್ಬರಿರುತ್ತಾರೆ. ಹೆಚ್ಚಾಗಿ ನಿವೃತ್ತರು, ಸೇವೆಯಲ್ಲಿದ್ದಾಗ ಆಡಿಟ್ ವಿಭಾಗದಲ್ಲಿ ಇದ್ದವರಾದರೆ ಲಕ್ಷಣ ಇನ್ನಷ್ಟು ಢಾಳ. ಅವರ ಬಳಿ ಒಂದು ಬಾಟಲಿ ಜೇನುತುಪ್ಪ ಇರುತ್ತದೆ. ಬಾಟಲಿ ಪೂರ್ವಾಶ್ರಮದಲ್ಲಿ ವಿಸ್ಕಿಯದು. ಲೇಬಲ್ಲನ್ನು ನೆನೆಸಿ ಕಿತ್ತಿದ್ದಾರೆ, ಮತ್ತು ಲೇಬಲ್ ಇಲ್ಲದಿರುವುದೇ ಒಳಗಿರುವ ಮಾಲಿನ ಶುದ್ಧತೆಗೆ ಮೊದಲ ಪುರಾವೆ. ಶಿರಸಿ ಕಡೆಯ ಪರಿಚಯದವರೊಬ್ಬರು, ಅವರಿಗೆ ಬೇಕಾದ ಇನ್ನೊಬ್ಬರು, ಆ ಇನ್ನೊಬ್ಬರ ತೋಟದ ಆಳು, ಹೀಗೆ ಮೂರು ಕೈ ದಾಟಿ ಬಂದದ್ದು. "ನೂರಕ್ಕೆ ನೂರು ಕಾಡುಜೇನು ಕಣ್ರೀ" ಎನ್ನುವಾಗ ಆ ಮೂರು ಕೈಗಳಲ್ಲಿ ಒಂದನ್ನೂ ಅವರು ಕಂಡವರಲ್ಲ. ಬಾಟಲಿ ಇರುವುದು ಅಡುಗೆಮನೆಯಲ್ಲಲ್ಲ, ಗಾಡ್ರೆಜ್ ಬೀರುವಿನಲ್ಲಿ, ಮನೆಪತ್ರದ ಪಕ್ಕ. ಸತ್ಯನಾರಾಯಣ ಪೂಜೆ ಬಂದರೆ ಪಂಚಾಮೃತಕ್ಕೆ ಒಂದು ಉದ್ಧರಣೆ, ಕೆಮ್ಮು ಬಂದರೆ ಶುಂಠಿರಸಕ್ಕೆ ಅರ್ಧ ಚಮಚ. ಉಳಿದಂತೆ ಅದು ಹೊರಬರುವುದು ಪರೀಕ್ಷೆಗೆ ಮಾತ್ರ. ಜೇನಿನ ಶುದ್ಧತೆಯನ್ನು ಇಷ್ಟು ಕಾಯುವ ಮನೆಯವರೇ ಜೇನನ್ನು ಎಲ್ಲರಿಗಿಂತ ಕಡಿಮೆ ತಿನ್ನುತ್ತಾರೆ, ಮತ್ತು ಇದು ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಕಾವಲಿಗೆ ಕೂತವರಿಗೆ ಊಟಕ್ಕೆ ಪುರಸೊತ್ತಿರುವುದಿಲ್ಲ.

ಆ ಪರೀಕ್ಷೆಗಳನ್ನೇ ನೋಡೋಣ. ನೀರಿನ ಲೋಟಕ್ಕೆ ಒಂದು ಹನಿ ಬಿಡುತ್ತಾರೆ. ಕದಡದೆ ತಳಕ್ಕಿಳಿದರೆ ಅಸಲಿ. ಬೆಂಕಿಕಡ್ಡಿಯನ್ನು ಅದ್ದಿ ಗೀರುತ್ತಾರೆ, ಹೊತ್ತಿಕೊಂಡರೆ ಅಸಲಿ. ಇರುವೆ ಮುತ್ತಬಾರದು, ನಾಯಿ ಮೂಸಿ ಬಿಟ್ಟು ಹೋಗಬೇಕು. ಇವುಗಳಲ್ಲಿ ಮೊದಲಿನೆರಡು ಅಳೆಯುವುದು ಒಂದೇ ಸಂಗತಿಯನ್ನು: ಜೇನಿನಲ್ಲಿ ನೀರೆಷ್ಟಿದೆ ಎಂಬುದನ್ನು. ಗಟ್ಟಿಯಾಗಿ ಕಾಯಿಸಿದ ಸಕ್ಕರೆ ಪಾಕವೂ ನೀರಿನಲ್ಲಿ ಸೊಗಸಾಗಿಯೇ ಮುಳುಗುತ್ತದೆ. ಇತ್ತ ಮಲೆನಾಡಿನ ತೇವದ ಹವೆಯಲ್ಲಿ ತುಡುವೆ ಹುಳುಗಳು ಕೂಡಿಟ್ಟ ನಿಜವಾದ ಜೇನಿನಲ್ಲಿ ನೀರಿನಂಶ ಎಷ್ಟೋ ಸಲ ಶೇಕಡಾ 20 ದಾಟಿರುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೇ 20. ಅಂದರೆ ಎರಿಯಿಂದ ನೇರವಾಗಿ ಇಳಿಸಿದ ಜೇನು ರಾಯರ ಕಡ್ಡಿಯನ್ನು ನಂದಿಸಿ ಫೇಲಾಗಬಹುದು, ಕಾರ್ಖಾನೆಯ ಪಾಕ ಮೊದಲ ದರ್ಜೆಯಲ್ಲಿ ಪಾಸಾಗಬಹುದು. ಇರುವೆಗೂ ನಾಯಿಗೂ ಈ ವಿಷಯದಲ್ಲಿ ಯಾರೂ ತರಬೇತಿ ಕೊಟ್ಟಿಲ್ಲವಾದ್ದರಿಂದ ಅವುಗಳ ವರದಿಯನ್ನು ಇಲ್ಲಿ ಪರಿಗಣಿಸುತ್ತಿಲ್ಲ. ಪರೀಕ್ಷೆಯಲ್ಲಿ ಹನಿ ಹನಿಯಾಗಿ ಖರ್ಚಾದದ್ದು ಮಾತ್ರ ಕೆಮ್ಮಿಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಇದ್ದೀತು.

"ಹಾಗಾದರೆ ಕಲಬೆರಕೆಯೇ ಇಲ್ಲ ಅಂತೀರಾ?" ಎಂದು ರಾಯರು ಕೇಳುತ್ತಾರೆ. ಇದೆ, ಇಲ್ಲಿ ಅವರ ಅನುಮಾನ ನೂರಕ್ಕೆ ನೂರು ಸರಿ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನುತುಪ್ಪದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಎಲ್ಲ ಪರೀಕ್ಷೆಗಳಲ್ಲೂ ಗೆದ್ದದ್ದು ಮೂರೇ. ಕಂಪನಿಗಳು ಒಪ್ಪಲಿಲ್ಲ, ಅದು ಬೇರೆ ಮಾತು. ಆ ವರದಿಯಲ್ಲಿ ರಾಯರು ಗಮನಿಸಬೇಕಾದದ್ದು ಇನ್ನೊಂದಿದೆ. ಕಬ್ಬು, ಮುಸುಕಿನ ಜೋಳದ ಸಕ್ಕರೆಯನ್ನು ಪ್ರಯೋಗಾಲಯ ಹಿಡಿಯಲು ಕಲಿತ ಮೇಲೆ ಕಲಬೆರಕೆಯವರು ಅಕ್ಕಿಯಿಂದ ಮಾಡಿದ ಪಾಕಕ್ಕೆ ಹೋದರು. ಅದನ್ನು ಹಿಡಿಯಲು ಶುರುವಾದಾಗ ಆ ಪರೀಕ್ಷೆಗೂ ಸಿಗದ ಪಾಕ ಬಂತು. ಕೊನೆಗೆ ಹಲವು ಮಾದರಿಗಳು ಸಿಕ್ಕಿಬಿದ್ದದ್ದು ಜರ್ಮನಿಯ ಪ್ರಯೋಗಾಲಯವೊಂದರ ಎನ್‌ಎಂಆರ್ ಯಂತ್ರದಲ್ಲಿ. ಆ ಯಂತ್ರ ಮಾಡಿದ ಕೆಲಸವನ್ನು ರಾಯರು ಬೆಂಕಿಪೊಟ್ಟಣದಿಂದ ಮಾಡಹೊರಟಿದ್ದಾರೆ. ಜೇನು ಯಾರ ಪೆಟ್ಟಿಗೆಯದು, ಯಾವ ತಿಂಗಳಲ್ಲಿ ಇಳಿಸಿದ್ದು ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿ, ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟು ಜನ ಸಾಕಣೆದಾರರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಹೆಜ್ಜೇನು ಇಳಿಸುವ ಸೋಲಿಗರಿದ್ದಾರೆ. ಅವರನ್ನು ನಂಬಿ ಕೊಳ್ಳುವುದು ರಾಯರಿಗೆ ಒಗ್ಗದು. ನಂಬಿದರೆ ಪರೀಕ್ಷೆಗೆ ಅವಕಾಶವೆಲ್ಲಿ?

ಪರೀಕ್ಷೆಯಲ್ಲಿ ಪಾಸಾದ ಜೇನಿಗೂ ಬೀರುವಿನಲ್ಲಿ ಸುಖವಿಲ್ಲ. ಡಿಸೆಂಬರಿನ ಚಳಿಗೆ ತಳದಲ್ಲಿ ಹರಳು ಕಟ್ಟುತ್ತದೆ. ರಾಯರು ಬಾಟಲಿಯನ್ನು ಬೆಳಕಿಗೆ ಹಿಡಿದು "ಸಕ್ಕರೆ ಹಾಕಿದಾನೆ ಕಣ್ರೀ ಬಡ್ಡೀಮಗ" ಎನ್ನುತ್ತಾರೆ. ಜೇನಿನಲ್ಲಿರುವ ಗ್ಲೂಕೋಸ್ ಹರಳಾಗುವುದು ಅದರ ಸಹಜ ಗುಣ. ಸೂರ್ಯಕಾಂತಿಯ ಜೇನು ಬೇಗ ಗಟ್ಟಿಯಾಗುತ್ತದೆ. ರಬ್ಬರ್ ತೋಟದ ಜೇನಂತೂ ಹೂವಿನದೇ ಅಲ್ಲ, ಎಲೆಯ ಬುಡದಲ್ಲಿ ಒಸರುವ ಮಕರಂದದ್ದು, ಅದೂ ಹಾಗೆಯೇ. ಫ್ರಿಜ್ಜಿನಲ್ಲಿಟ್ಟರೆ ಹರಳು ಹೆಚ್ಚುತ್ತದೆ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಕರಗುತ್ತದೆ, ಅಥವಾ ಹಾಗೆಯೇ ರೊಟ್ಟಿಗೆ ಸವರಿಕೊಳ್ಳಬಹುದು. ಕೆಡಲು ಬೇಕಾದದ್ದು ಬೇರೆ: ಒದ್ದೆ ಚಮಚ. ನೀರು ಸೇರಿದರೆ ಜೇನು ಹುಳಿಯುತ್ತದೆ. ಪಂಚಾಮೃತದ ದಿನ ಒದ್ದೆ ಉದ್ಧರಣೆಯನ್ನೇ ಬಾಟಲಿಗಿಳಿಸುವವರು ಯಾರೆಂದು ನಾನು ಹೇಳುವುದಿಲ್ಲ.

ಅಡುಗೆಮನೆಯವರ ಅಹವಾಲು ಇಷ್ಟೇ: ಜೇನುತುಪ್ಪ ಉಪ್ಪು ಹುಣಿಸೆಹಣ್ಣಿನ ಸಾಲಿಗೆ ಇಳಿದು ಬರಲಿ. ಉದ್ದಿನದೋಸೆಗೆ ತುಪ್ಪದ ಜೊತೆ ಜೇನು ಮಲೆನಾಡಿಗೆ ಹೊಸತಲ್ಲ. ಹಲಸಿನ ತೊಳೆಯನ್ನು ಜೇನಿನಲ್ಲಿ ಅದ್ದಿ ತಿಂದವರಿಗೆ ಬೇರೆ ಸಿಹಿ ಬೇಡ. ಕೊಡಗಿನ ಅಕ್ಕಿರೊಟ್ಟಿಗೂ, ಬಾಳೆಹಣ್ಣಿನ ರಸಾಯನಕ್ಕೂ, ನಿಂಬೆ ಪಾನಕಕ್ಕೂ ಅದು ಸಲ್ಲುತ್ತದೆ. ನೆಲ್ಲಿಕಾಯಿಯನ್ನು ಜೇನಿನಲ್ಲಿ ನೆನೆಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಕೇಕ್ ಮಾಡುವ ಸೊಸೆ ಇದ್ದರೆ ಅವಳಿಗೆ ಗೊತ್ತಿರುತ್ತದೆ: ಒಂದು ಬಟ್ಟಲು ಸಕ್ಕರೆಯ ಜಾಗಕ್ಕೆ ಮುಕ್ಕಾಲು ಬಟ್ಟಲು ಜೇನು ಸಾಕು, ಹಾಲನ್ನೋ ನೀರನ್ನೋ ಮೂರು ನಾಲ್ಕು ದೊಡ್ಡ ಚಮಚ ಕಡಿಮೆ ಮಾಡಬೇಕು, ಚಿಟಿಕೆ ಅಡುಗೆಸೋಡಾ ಹಾಕಬೇಕು, ಬೇಗ ಕೆಂಪಾಗುವುದರಿಂದ ಉರಿಯನ್ನು ತುಸು ಇಳಿಸಬೇಕು. ಅಳೆಯುವ ಬಟ್ಟಲಿಗೆ ಮೊದಲು ಎಣ್ಣೆ ಸವರಿದರೆ ಒಂದು ಹನಿಯೂ ಅಂಟದು. ಇಂಥ ಕೇಕು ಎರಡು ದಿನ ಕಳೆದರೂ ಮೆತ್ತಗಿರುತ್ತದೆ.

ಕೇಕು ಎಂದೊಡನೆ ರಾಯರು ಚರಕನನ್ನು ಕರೆಸುತ್ತಾರೆ: ಜೇನನ್ನು ಬಿಸಿ ಮಾಡಿದರೆ ವಿಷ. ಆಯುರ್ವೇದ ಹಾಗೆ ಹೇಳುವುದು ನಿಜ. ಅದನ್ನು ಪಾಲಿಸುವವರು ದೋಸೆ ತಟ್ಟೆಗೆ ಬಂದು ಆರಿದ ಮೇಲೆ ಹಾಕಿಕೊಳ್ಳಲಿ, ಯಾರೂ ಬೇಡವೆನ್ನರು. ಆಧುನಿಕ ಪ್ರಯೋಗಾಲಯ ಹೇಳುವುದೇನೆಂದರೆ, ಕಾಸಿದಾಗ ಎಚ್‌ಎಂಎಫ್ ಎಂಬ ವಸ್ತು ಹೆಚ್ಚುತ್ತದೆ, ಪರಿಮಳವೂ ಕಿಣ್ವಗಳೂ ಕಡಿಮೆಯಾಗುತ್ತವೆ. ಅದೇ ಎಚ್‌ಎಂಎಫ್ ಹುರಿದ ಕಾಫಿಬೀಜದಲ್ಲಿ ಜೇನಿಗಿಂತ ಎಷ್ಟೋ ಹೆಚ್ಚಿರುತ್ತದೆ, ಮತ್ತು ಈ ವಾದವನ್ನು ರಾಯರು ಮಂಡಿಸುವುದು ಫಿಲ್ಟರ್ ಕಾಫಿಯ ಎರಡನೇ ಲೋಟ ಕೈಯಲ್ಲಿ ಹಿಡಿದು. ತುಪ್ಪವನ್ನೂ ಜೇನನ್ನೂ ಸಮತೂಕದಲ್ಲಿ ಬೆರೆಸಬಾರದೆಂಬ ಇನ್ನೊಂದು ನಿಷೇಧವಿದೆ. ತುಪ್ಪದ ವಿಷಯದಲ್ಲೂ ಅವರ ಕೈ ಬಿಗಿಯೇ ಆದ್ದರಿಂದ ಆ ಅಪಾಯ ಆ ಮನೆಯಲ್ಲಿ ದೂರ.

ನಿಜವಾಗಿ ಎಚ್ಚರ ಬೇಕಾದ ಕಡೆ ಮಾತ್ರ ಈ ಎಚ್ಚರವೆಲ್ಲ ನಿದ್ದೆ ಹೋಗುತ್ತದೆ. ಮೊಮ್ಮಗು ಹುಟ್ಟಿತೆಂದರೆ ಬೀರುವಿನ ಬಾಗಿಲು ತೆರೆದು, ಉಂಗುರ ಅದ್ದಿ ನಾಲಿಗೆಗೆ ಸವರುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಮುಟ್ಟಿಸಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತವೆ. ಜೇನು ಎಷ್ಟು ಅಸಲಿಯಾದರೂ ಅಷ್ಟೇ. ಸಕ್ಕರೆ ಕಾಯಿಲೆಯವರು "ಇದು ನ್ಯಾಚುರಲ್" ಎಂದು ಎರಡು ಚಮಚ ಸುರಿದುಕೊಳ್ಳುವುದೂ ಬೇಡ. ರಕ್ತದ ಸಕ್ಕರೆ ಇದರಿಂದಲೂ ಏರುತ್ತದೆ. ದೊಡ್ಡ ಮಕ್ಕಳ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಕೊಡುವುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಅಷ್ಟರಮಟ್ಟಿಗೆ ಬೀರುವಿನ ವೈದ್ಯಶಾಲೆ ಗೆದ್ದಿದೆ.

ಉಳಿದದ್ದು ಅವರ ಕೊನೆಯ ಆಕ್ಷೇಪ: ಅಡುಗೆಮನೆಗೆ ಕೊಟ್ಟರೆ ತಿಂಗಳಲ್ಲಿ ಖಾಲಿ ಮಾಡುತ್ತಾರೆ, ಬೆಲೆ ಎಷ್ಟು ಗೊತ್ತೇ? ಖಾಲಿಯಾಗುತ್ತದೆ, ನಿಜ, ಬೆಲೆಯೂ ಹೆಚ್ಚು, ನಿಜ. ಆದರೆ ಐದು ವರ್ಷ ಬೀರುವಿನಲ್ಲಿ ಕೂತು ಕಪ್ಪಾಗಿ, ಪರಿಮಳ ಕಳೆದುಕೊಂಡ ಜೇನಿಗೂ ಅಷ್ಟೇ ಬೆಲೆ ಕೊಟ್ಟಿದ್ದಾರಲ್ಲ. ಖಾಲಿಯಾದರೆ ಹೊಸ ಬಾಟಲಿ ಬರುತ್ತದೆ. ಈ ಸಲ ಬೇರೆ ಹೂವಿನ ಕಾಲ, ನೇರಳೆಯದಾದರೆ ಬಣ್ಣ ಗಾಢ, ರುಚಿಯಲ್ಲಿ ಸಣ್ಣ ಕಹಿ. ರಾಯರು ಒಂದು ಹನಿ ನೆಕ್ಕಿ, ಕಣ್ಣು ಮುಚ್ಚಿ, ಹೋದ ಸಲದ ಹಾಗಿಲ್ಲ, ಆದ್ದರಿಂದ ಇದು ಖಂಡಿತ ಡೂಪ್ಲಿಕೇಟು ಎಂದು ತೀರ್ಪು ಕೊಡುತ್ತಾರೆ. ಹೋದ ಸಲದ್ದನ್ನೂ ಅವರು ಡೂಪ್ಲಿಕೇಟು ಎಂದೇ ಹೇಳಿದ್ದರು.